ಹುಡುಗನನ್ನು ವಿಚಾರಿಸಲು ಬಂದವರು

ಬೆಳ್ಳಾರೆ ದಾಟಿ ಸ್ವಲ್ಪ ಮುಂದೆ, ಬಸ್ಸು ನಿಲ್ಲುವ ತಿರುವಿನಲ್ಲಿ ಶುಕೂರನ ಅಂಗಡಿ. ಆ ಕಡೆಯ ಹುಡುಗರೆಲ್ಲ ಮದುವೆಗೆ ಮೊದಲು ಪಾಸಾಗಬೇಕಾದದ್ದು ಅಲ್ಲಿಯೇ. ಸಂಬಂಧ ನೋಡುವವರು ನೇರ ಮನೆಗೆ ಹೋಗುವುದುಂಟೇ? ತಿರುವಿನಲ್ಲಿ ಇಳಿದು, ಒಂದು ಸೋಡಾ ಕುಡಿದು, ಹುಡುಗ ಹೇಗೆ, ಕೆಲಸ ಎಂತದು, ಮನೆ ಸ್ವಂತದ್ದಾ ಎಂದು ಮೆಲ್ಲ ಕೇಳಿ, ತಾವು ಯಾರೆಂದು ಬಾಯಿ ಬಿಡದೆ ಹೋಗುತ್ತಾರೆ. ಅವರು ಕಣ್ಮರೆಯಾಗುವುದರೊಳಗೆ ಶುಕೂರ್ ಹುಡುಗನ ಮನೆಗೆ ಫೋನು ಮಾಡಿಯಾಗಿರುತ್ತದೆ.

"ಕುಮುದಿನಕ್ಕ, ನಿಮ್ಮ ಸಂಪ್ರೀತನನ್ನು ಕೇಳಿಕೊಂಡು ಒಬ್ಬರು ಬಂದಿದ್ರು. ಬಂಗಾರದಂಥ ಹುಡುಗ ಅಂತ ಹೇಳಿದ್ದೇನೆ."

ಮೊದಲ ಸಲ ಈ ಫೋನು ಬಂದಾಗ ಕುಮುದಿನಿ ಅಂಗಳ ಗುಡಿಸಿದ್ದೇನು, ಪಾಯಸಕ್ಕೆ ಗೋಡಂಬಿ ತರಿಸಿದ್ದೇನು! ಯಾರೂ ಬರಲಿಲ್ಲ. ಕೆಲವು ತಿಂಗಳ ನಂತರ ಮತ್ತೊಬ್ಬರು ವಿಚಾರಿಸಿದರು, ಅವರದ್ದೂ ಸುದ್ದಿಯಿಲ್ಲ. ಹೀಗೆಯೇ ವರ್ಷಗಳು ಹೋದವು. ಪುತ್ತೂರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದ ಮಗನಲ್ಲಿ ದೂರುವಂಥದ್ದು ಎಂತದೂ ಇರಲಿಲ್ಲ. ಇದ್ದರೆ ಅದು ತನ್ನಲ್ಲಿಯೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ಗಂಡ ಅವಳನ್ನು ಬಿಟ್ಟು ಮುಂಬೈಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಗಂಡ ಬಿಟ್ಟವಳು ಅತ್ತೆಯಾಗಿ ಕೂತಿರುವ ಮನೆಗೆ ಯಾರು ಹೆಣ್ಣು ಕೊಟ್ಟಾರು? ತಪ್ಪು ಮಾಡಿದವನು ಅಲ್ಲಿ ಆರಾಮ, ತಲೆ ತಗ್ಗಿಸುವವಳು ಇಲ್ಲಿ. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ.

ಸಂಪ್ರೀತನಿಗೆ ಹಿಡಿದದ್ದು ಬೇರೆಯೇ ಹುಚ್ಚು. ಹೊಸ ಕ್ರೆಡಿಟ್ ಕಾರ್ಡು ಮಾಡಿಸುವುದು, ಸೇರಿದ್ದಕ್ಕೆ ಸಿಗುವ ಬೋನಸ್ಸು ಕಿಸೆಗಿಳಿಸುವುದು, ವರ್ಷದ ಫೀಸು ಬೀಳುವ ಮೊದಲೇ ಕಾರ್ಡು ಕ್ಯಾನ್ಸಲ್ ಮಾಡಿ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕುವುದು. ಸಾಲ ಮಾಡುವವನಲ್ಲ, ಬಿಲ್ಲು ಬಂದ ದಿನವೇ ಕಟ್ಟುವವನು. ಬ್ಯಾಂಕಿನವರನ್ನು ಅವರದೇ ನಿಯಮ ಹಿಡಿದು ಆಟ ಆಡಿಸುವುದರಲ್ಲಿ ಅವನಿಗೊಂದು ಖುಷಿ. ಮನೆಯ ಮಿಕ್ಸಿ, ಕುಕ್ಕರು, ಚಕ್ರದ ಪೆಟ್ಟಿಗೆ ಎಲ್ಲ ಹಾಗೆ ಬಂದದ್ದು. "ಪುಕ್ಕಟೆ ಅಮ್ಮ" ಎನ್ನುತ್ತಿದ್ದ. ಅರ್ಜಿ ಹಾಕಿದಾಗಲೆಲ್ಲ ವಿಳಾಸ ಪರೀಕ್ಷಿಸಲು ಒಬ್ಬ ಬಂದು ಊರವರನ್ನು ವಿಚಾರಿಸುತ್ತಾನೆ ಎಂಬುದನ್ನು ಮಾತ್ರ ಈ ಮಹಾರಾಯ ಮನೆಯಲ್ಲಿ ಹೇಳಿರಲೇ ಇಲ್ಲ.

ಕೊನೆಗೆ ಕುಮುದಿನಿ ಮನಸ್ಸು ಗಟ್ಟಿ ಮಾಡಿದಳು. ಗುಂಡ್ಯದಲ್ಲಿ ಹೋಟೆಲಿಟ್ಟಿದ್ದ ತಮ್ಮನ ಮನೆಗೆ ಹೋಗಿ ಅಲ್ಲಿಯೇ ಇದ್ದುಬಿಡುವುದು. ತಾನಿಲ್ಲದ ಮನೆಗಾದರೂ ಸೊಸೆ ಬರಲಿ. ಮಗ ಕೆಲಸಕ್ಕೆ ಹೋದ ಮೇಲೆ ಸೀರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಶುಕೂರನ ಫೋನು. ಮತ್ತೊಬ್ಬರು ಬಂದಿದ್ದಾರೆ, ಇನ್ನೂ ಅಂಗಡಿಯಲ್ಲೇ ಇದ್ದಾರೆ.

ಅವಳು ಮನೆಯ ಚಪ್ಪಲಿಯಲ್ಲೇ ಓಡಿದಳು. ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬ ಯುವಕ ನಿಂತಿದ್ದ. ಅವನ ಮುಂದೆ ಕೈ ಮುಗಿದಳು.

"ನೀವು ಯಾರ ಕಡೆಯವರು ಅಂತ ನಾನು ಕೇಳುದಿಲ್ಲ. ನನ್ನ ವಿಷಯ ಗೊತ್ತಾಗಿ ಹಿಂದೆ ಹೋಗ್ಬೇಡಿ. ನಾನು ಆ ಮನೆಯಲ್ಲಿ ಇರುದಿಲ್ಲ, ಬಟ್ಟೆ ಕಟ್ಟಿ ಆಯ್ತು. ಹುಡುಗಿ ನನ್ನ ಮುಖ ಕೂಡ ನೋಡುದು ಬೇಡ. ನನ್ನ ಮಗನನ್ನು ಬೇಡ ಹೇಳ್ಬೇಡಿ."

ಯುವಕನ ಮುಖ ಬಿಳುಚಿತು. "ಅಮ್ಮಾ, ನಾನು ಕ್ರೆಡಿಟ್ ಕಾರ್ಡಿನ ವೆರಿಫಿಕೇಶನಿಗೆ ಬಂದದ್ದು. ಯಾವ ಹುಡುಗಿಯ ಕಡೆಯವನೂ ಅಲ್ಲ."

"ಹಾಗಾದ್ರೆ ಮೊದಲು ಬಂದವರು?" ಶುಕೂರ್ ಕೇಳಿದ.

"ಎಲ್ಲ ನಮ್ಮವರೇ ಇರ್ಬೇಕು, ಈ ಕಡೆ ಎಲ್ಲ ಬ್ಯಾಂಕಿನ ವೆರಿಫಿಕೇಶನೂ ನಾವೇ ಮಾಡುದು. ಈ ಅಡ್ರೆಸ್ಸು ನಮ್ಮ ಆಫೀಸಲ್ಲಿ ಎಲ್ಲರಿಗೂ ಬಾಯಿಪಾಠ ಉಂಟು."

ಶುಕೂರ್ ಬಾಳೆಗೊನೆಯ ಹಿಂದೆ ಮುಖ ಮರೆಸಿಕೊಂಡ. ಕುಮುದಿನಿ ಬೆಂಚಿನ ಮೇಲೆ ಕುಸಿದು ಕೂತಳು.

ಸಂಜೆ ಮಗ ತಿರುವಿನಲ್ಲೇ ಕಥೆಯೆಲ್ಲ ಕೇಳಿಕೊಂಡು ನಗುತ್ತಲೇ ಮನೆಯೊಳಗೆ ಕಾಲಿಟ್ಟ. ತುಂಬಿದ ಪೆಟ್ಟಿಗೆ ಕಂಡದ್ದೇ ನಗು ನಿಂತಿತು.

"ಅಮ್ಮ, ನೀನು ನಿಜವಾಗಿ ಹೋಗುವವಳಿದ್ದೆಯಾ?"

ಅವಳು ಪೆಟ್ಟಿಗೆಯನ್ನು ಬದಿಗೆ ಸರಿಸಿದಳು. "ಹಾಗಾದ್ರೆ ನನ್ನಿಂದಾಗಿ ಯಾರೂ ನಿನ್ನನ್ನು ಬೇಡ ಹೇಳಿಲ್ಲವಾ?"

"ಯಾರೂ ಬರ್ಲೇ ಇಲ್ಲ ಅಮ್ಮ. ಬೇಡ ಹೇಳುದು ಯಾರು?" ಅವನು ಪೆಟ್ಟಿಗೆ ತೆರೆದು ಸೀರೆಗಳನ್ನು ಹೊರಗೆ ತೆಗೆಯತೊಡಗಿದ. "ನನಗೆ ಇನ್ನು ಒಂದು ಕಾರ್ಡೂ ಬೇಡ."

ಕುಮುದಿನಿ ಮನಸಾರೆ ಅತ್ತಳು. ಅಳು ಮುಗಿದ ಮೇಲೆ ನಗು ಬಂತು. "ಬ್ಯಾಂಕಿನವನಿಗೆ ಕೈ ಮುಗಿದೆನಲ್ಲ ಮಾರಾಯ!" ವರ್ಷಗಟ್ಟಲೆ ಹೊತ್ತಿದ್ದ ಭಾರ ಇಳಿದು ಅವಳ ಮೈ ಹಗುರಾಗಿತ್ತು.

ಕಡಬದಲ್ಲಿ ಅವಳ ಶಾಲಾ ಗೆಳತಿ ದಮಯಂತಿ ಇದ್ದಳು, ದಮಯಂತಿಗೆ ನಿಖಿತಾ ಎಂಬ ಮಗಳಿದ್ದಳು. ಆ ಹುಡುಗಿಯ ಮೇಲೆ ಕುಮುದಿನಿಗೆ ಮೊದಲಿನಿಂದಲೂ ಮನಸ್ಸಿತ್ತು, ಕೇಳುವ ಧೈರ್ಯ ಇರಲಿಲ್ಲ. ಮಗನ ಮುಖ ನೋಡಿದಳು. ಅವನು ಬೇಡ ಎನ್ನಲಿಲ್ಲ, "ನಿಖಿತಾಳಿಗೆ ಒಪ್ಪಿಗೆ ಉಂಟಾ ಮೊದಲು ಕೇಳು" ಎಂದು ಮುಖ ತೊಳೆಯಲು ಎದ್ದುಹೋದ. ಕುಮುದಿನಿ ಆಗಲೇ ಗೆಳತಿಗೆ ಫೋನು ಮಾಡಿದಳು.

"ದಮಯಂತಿ, ಆದಿತ್ಯವಾರ ನಿಮ್ಮಲ್ಲಿಗೆ ಬರ್ತೇವೆ. ನಿಖಿತಾಳನ್ನು ಕೇಳ್ಲಿಕ್ಕೆ."

ಗಂಡಿನ ಕಡೆಯಿಂದ ಮಾತಾಡಲು ಯಾರು ಬರುವುದೆಂದು ದಮಯಂತಿ ಕೇಳಿದಳು.

"ಯಾರು ಅಂದ್ರೆ ಎಂತ? ನಾನೇ ಬರುದು," ಎಂದಳು ಕುಮುದಿನಿ. "ಹುಡುಗನ ಅಮ್ಮ ನಾನಲ್ಲವಾ?"