ಎರಡು ಬಾಟಲಿ

ತಾರಾ ಬೆಟ್ಟದ ನೆತ್ತಿಯ ತಿರುವಿನಲ್ಲಿ ಸ್ಮಿಲ್ಯಾ ಒಂದೊಂದು ಕೈಯಲ್ಲಿ ಒಂದೊಂದು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಎಲ್ಲಿ ಜಾರಿಬಿಡುತ್ತವೋ ಎಂದು ಬೆವರಿದ ಅಂಗೈಗಳನ್ನು ಮೂರು ಸಲ ಲಂಗಕ್ಕೆ ಒರೆಸಿಕೊಂಡಿದ್ದಳು.

ಅವಳ ತಮ್ಮ ಒಬ್ರಾದ್ ಹನ್ನೆರಡು ವರ್ಷ ಇಟಲಿಯ ತಂಡವೊಂದರಲ್ಲಿ ಸೈಕಲ್ ತುಳಿದಿದ್ದ. ಅವನ ಕೆಲಸ ಒಂದೇ: ಹಿಂದೆ ಬರುವ ತಂಡದ ಕಾರಿನಿಂದ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಹೋಗಿ ನಾಯಕನಿಗೆ ಕೊಡುವುದು. ತಾನು ಗೆದ್ದದ್ದು ಒಮ್ಮೆಯೂ ಇಲ್ಲ. ಈಗ ವಯಸ್ಸು ಮೂವತ್ತನಾಲ್ಕು. ಸೆರ್ಬಿಯಾದ ರಾಷ್ಟ್ರೀಯ ಪಂದ್ಯ ಗೆದ್ದರೆ ಇನ್ನೆರಡು ವರ್ಷ ಇಟ್ಟುಕೊಳ್ಳುತ್ತೇವೆ, ಇಲ್ಲವಾದರೆ ಇಲ್ಲ ಎಂದು ತಂಡದವರು ಹೇಳಿಬಿಟ್ಟಿದ್ದರು. ಇವತ್ತು ಅದೇ ಪಂದ್ಯ; ನಾಯಕನಿಲ್ಲ, ತಂಡದ ಕಾರಿಲ್ಲ, ಅವನೊಬ್ಬನೇ.

"ಬಂದ ಬಂದ!" ಪಕ್ಕದಲ್ಲಿ ಕೂತು ರೇಡಿಯೋ ಕಿವಿಗೊತ್ತಿಕೊಂಡಿದ್ದ ನೆರೆಮನೆಯ ಮಿಲೆಂಕೊ ಅಜ್ಜ ಎದ್ದೇಬಿಟ್ಟ. "ಒಬ್ನೇ ಬರ್ತಿದಾನೆ ಮಗಳೇ, ನಿನ್ ತಮ್ಮ!"

"ಜೋರಾಗಿ ಹೇಳ್ಬೇಡಿ ಅಜ್ಜ, ದೃಷ್ಟಿಯಾದೀತು. ಹಿಂದಿನವ್ರು ಎಷ್ಟು ದೂರ?"

"ಇಪ್ಪತ್ತು ಸೆಕೆಂಡು. ಒಂದು ಗುಟುಕು ರಕಿಯಾ ಸಾರಾಯಿ ಹಾಕು, ಧೈರ್ಯ ಬರುತ್ತೆ."

ಅಷ್ಟರಲ್ಲಿ ಒಬ್ರಾದ್ ಬಂದೇಬಿಟ್ಟ. ಒಂದು ಬಾಟಲಿ ಕಿತ್ತುಕೊಂಡ, ಇನ್ನೊಂದನ್ನೂ ಕಿತ್ತುಕೊಂಡ. ಕುಡಿಯಲಿಲ್ಲ. ಎರಡನ್ನೂ ಬೆನ್ನಿನತ್ತ ಅಂಗಿಯೊಳಗೆ ತುರುಕಿ, ತುಳಿಯುವುದನ್ನು ನಿಧಾನ ಮಾಡಿ, ಕತ್ತು ಹೊರಳಿಸಿ ಹಿಂದೆ ನೋಡತೊಡಗಿದ. ಇಲ್ಲದ ನಾಯಕನಿಗಾಗಿ ಕಾಯುತ್ತಿದ್ದಾನೆ! ಸ್ಮಿಲ್ಯಾ ಲಂಗ ಎತ್ತಿ ಹಿಡಿದು ಅವನ ಪಕ್ಕದಲ್ಲೇ ಓಡಿದಳು.

"ಯಾರಿಗೋ ಅದು? ಯಾರಿಗೆ ಹೊತ್ಕೊಂಡು ಹೋಗ್ತಿದೀಯ?"

ಅವನು ಕಣ್ಣು ಪಿಳುಕಿಸಿದ.

"ಎಸಿಯೋ ಕತ್ತೆ! ಇವತ್ತು ನಿಂಗೆ ಯಜಮಾನ್ರು ಯಾರೂ ಇಲ್ಲ!"

ಒಬ್ರಾದ್ ನಕ್ಕುಬಿಟ್ಟ. ಬಾಟಲಿಗಳೆರಡೂ ಚರಂಡಿಗೆ ಬಿದ್ದವು. ಹ್ಯಾಂಡಲಿನ ಮೇಲೆ ಬಗ್ಗಿದವನು ಇಳಿಜಾರಿನಲ್ಲಿ ಕಲ್ಲು ಉರುಳಿದಂತೆ ಮರೆಯಾದ. ಅವಳು ಏದುಸಿರು ಬಿಡುತ್ತಿರುವಾಗಲೇ ಬೆನ್ನಟ್ಟಿದವರಿಬ್ಬರು ಸುಂಯ್ಯೆಂದು ದಾಟಿಹೋದರು.

ಕೆಳಗೆ ಬಾಯಿನಾ ಬಾಷ್ಟಾ ಊರಿನಲ್ಲಿ ಪಂದ್ಯ ಮುಗಿಯುವ ಗೆರೆ. ಸ್ಮಿಲ್ಯಾ ಅಜ್ಜನ ರೇಡಿಯೋಗೇ ಕಿವಿಯಾದಳು. ಅಂತರ ಎಂಟು ಸೆಕೆಂಡು. ಐದು. ಸೇತುವೆಯ ಹತ್ತಿರ ಮೂರೇ. ಆಮೇಲೆ ವರದಿಗಾರನ ಮಾತು ಜನರ ಕೂಗಿನಲ್ಲಿ ಮುಳುಗಿಹೋಯಿತು. ಯಾರ ಹೆಸರು ಕೂಗುತ್ತಿದ್ದಾರೆ? ಅವಳು ಅಜ್ಜನ ತೋಳನ್ನೇ ಹಿಂಡಿದಳು.

"ಒಬ್ರಾದ್! ಒಂದು ಚಕ್ರದಷ್ಟು ಮುಂದೆ! ಕೈ ಬಿಡೇ ಮಹಾರಾಯ್ತಿ, ಮುರಿಯುತ್ತೆ!"

ಹತ್ತು ನಿಮಿಷಕ್ಕೆ ಯಾರದೋ ಫೋನಿನಿಂದ ಕರೆ ಬಂತು.

"ಅಕ್ಕಾ, ಗೆದ್ದೆ!" ಅವನ ಗಂಟಲು ಒಣಗಿ ಸದ್ದೇ ಬರುತ್ತಿರಲಿಲ್ಲ. "ಬಾಯಾರಿ ಸಾಯ್ತಿದೀನಿ. ಎರಡೂ ಎಸಿ ಅಂದ್ಯಲ್ಲೇ!"

ಸ್ಮಿಲ್ಯಾ ಅಳುತ್ತಲೇ ನಕ್ಕಳು. "ಕೂತಲ್ಲೇ ಕೂತಿರು. ಇವತ್ತು ಬೇರೆ ಯಾರಾದ್ರೂ ತಂದುಕೊಡ್ಲಿ."