ನೆಂಟರ ತುಂಡು

ಪಿತ್ತ ಒಡೆದರೆ ಸಾರೆಲ್ಲ ಕಹಿಯಾಗುತ್ತದೆಂದು ಮುತ್ಯಾಲಮ್ಮ ಕೋಳಿಯ ಈಲಿಯನ್ನು ಬೆರಳ ತುದಿಯಲ್ಲೇ ಬಿಡಿಸಿಟ್ಟಳು. ಕಾಳು ಅರೆಯುವ ಕಂದನಕಾಯಿ ಸೀಳಿ, ಒಳಗಿದ್ದ ಹರಳು, ರಾಗಿ ಒದರಿ, ಹಳದಿ ಪೊರೆ ಸುಲಿದಳು. ಈಳಿಗೆಮಣೆಯ ಮೇಲೆ ತೊಡೆ ಎರಡೂ ಬೇರೆಯಾದವು. ಗಣಿಗೆ ಇಳಿಯುತ್ತಿದ್ದ ಗಂಡ ಶ್ರೀರಾಮಪ್ಪ ಕೆಮ್ಮಿ ಕೆಮ್ಮಿ ಸತ್ತು ಹನ್ನೊಂದು ದಿನವಾಗಿ, ಇವತ್ತು ತಿಥಿ. ಉರಿಗಾಂನ ಗಣಿ ಕೂಲಿಗಳ ಲೈನಿನ ಆ ಒಂಟಿ ಕೋಣೆಯ ಮನೆಯಲ್ಲಿ ಸೂತಕ ಕಳೆದು ಮತ್ತೆ ಬಾಡು ಬೇಯುತ್ತಿತ್ತು.

ಕೋಳಿ ಕುಯ್ದರೆ ಯಾರಿಗೆ ಯಾವ ತುಂಡೆಂಬುದನ್ನು ಅತ್ತೆ ಅಕ್ಕಯ್ಯಮ್ಮನೇ ನಿರ್ಧರಿಸುತ್ತಿದ್ದಳು. ಯಾರೂ ತುಟಿಪಿಟಕ್ಕೆನ್ನುವ ಹಾಗಿರಲಿಲ್ಲ. ಕಂದನಕಾಯಿ, ಈಲಿ ಮನೆಯ ಗಂಡಸರಿಗೆ. ತೊಡೆ ಬಂದ ನೆಂಟರಿಗೆ. ಕತ್ತು, ಬೆನ್ನಿನ ಮೂಳೆ ಸೊಸೆಗೆ, ಅದೂ ಎಲ್ಲರ ಊಟವಾದ ಮೇಲೆ. ದೇವರು ಕೋಳಿಗೆ ಎರಡೇ ತೊಡೆ ಯಾಕೆ ಕೊಟ್ಟನೋ ಎಂದು ಶ್ರೀರಾಮಪ್ಪ ನಗುತ್ತಿದ್ದ. ಮುತ್ಯಾಲಮ್ಮನಿಗೆ ಬೇಸರವೇನೂ ಇರಲಿಲ್ಲ. ಕತ್ತಿನ ಮೂಳೆ ಚೀಪುವಷ್ಟು ಹೊತ್ತಾದರೂ ಕೂತಿರಬಹುದಲ್ಲ ಎನ್ನುತ್ತಿದ್ದಳು.

ಮಧ್ಯಾಹ್ನ ಮೈದುನ ಕೋದಂಡಪ್ಪ, ಬಂಗಾರಪೇಟೆ ಕಡೆಯ ಊರಿನಿಂದ ಬಂದಿದ್ದ ಅವಳ ಅಣ್ಣ ಚಿಕ್ಕವೆಂಕಟಪ್ಪ, ಅವಳ ಮೂರು ವರ್ಷದ ಮಗ ಸೀನ ಸಾಲಾಗಿ ಕೂತರು.

"ನೀನೂ ನಿಮ್ಮಣ್ಣನ ಪಕ್ಕ ಕೂತ್ಕಮ್ಮ," ಎಂದಳು ಅಕ್ಕಯ್ಯಮ್ಮ.

ಅತ್ತೆ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ. ಕೂತಳು. ಈಲಿ ಕೋದಂಡಪ್ಪನ ತಟ್ಟೆಗೆ ಬಿತ್ತು, ಕಂದನಕಾಯಿ ಸೀನನದಕ್ಕೆ. ಒಂದು ತೊಡೆ ಅಣ್ಣನಿಗೆ. ಇನ್ನೊಂದು ಅವಳ ಮುದ್ದೆಯ ಪಕ್ಕಕ್ಕೆ ಬಂತು.

"ಇದೇನತ್ತೆ, ನಂಗ್ಯಾಕೆ ತೊಡೆ?"

"ತಿನ್ನಮ್ಮ. ಸಂಜೆ ರೈಲಿಗೆ ನಿಮ್ಮಣ್ಣನ ಜೊತೆ ಒರಡೋಳು. ನಾಳೆ ಕೋದಂಡನಿಗೆ ಮದುವೆ ಆದ್ರೆ ಇರೋದು ಒಂದೇ ಕೋಣೆ."

ಅಣ್ಣ ತಲೆಯೆತ್ತಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಅವಳು ಮಗನ ಕಡೆ ನೋಡಿದಳು.

"ಸೀನ?"

"ಅವ್ನು ನಮ್ಮನೆ ಕೂಸು. ನಮ್ಮ ರಾಮನ ಗುರುತು ಅದೊಂದೇ. ನೀನು ಇನ್ನೂ ಚಿಕ್ಕೋಳು, ನಿಮ್ಮಣ್ಣ ಎಲ್ಲಾದ್ರೂ ದಾರಿ ಮಾಡ್ತಾನೆ."

"ಅಣ್ಣಾ, ನೀನಾದ್ರೂ ಯೋಳು."

"ಮಗು ಜೊತೇಲಿದ್ರೆ ಯಾರು ಕಟ್ಕೋತಾರೆ ತಂಗೀ," ಎಂದ ಅವನು ಮುದ್ದೆ ಮುರಿಯುತ್ತ.

ಅವಳು ತೊಡೆಯನ್ನು ಎತ್ತಿ ಮಡಕೆಗೆ ಹಾಕಿದಳು. "ನಂಗೆ ಕತ್ತು ಆಕಿ ಅತ್ತೆ. ಅದೂ ಬ್ಯಾಡ, ಬರೀ ಸಾರು ಆಕಿ. ಒಲೆ ಮುಂದೆ ಮಲಗ್ತೀನಿ. ನನ್ನ ಮಗನ ಬಿಟ್ಟು ನಾನು ಓಗಲ್ಲ."

ಅಕ್ಕಯ್ಯಮ್ಮ ಬಯ್ಯಲಿಲ್ಲ. ಬೈದಿದ್ದರೆ ಮುತ್ಯಾಲಮ್ಮನಿಗೆ ಒಂದಿಷ್ಟು ಆಸೆಯಾದರೂ ಉಳಿಯುತ್ತಿತ್ತು. ಮುದುಕಿ ಸೌಟಿನಿಂದ ಅದೇ ತೊಡೆಯನ್ನು ಹುಡುಕಿ ತೆಗೆದು, ನೆಂಟರಿಗೆ ಬಡಿಸುವಷ್ಟೇ ಜತನದಿಂದ ಮತ್ತೆ ಅವಳ ತಟ್ಟೆಗಿಟ್ಟಳು.

ಅಷ್ಟರಲ್ಲಿ ಸೀನ ಕೆಮ್ಮಿದ. ಕಂದನಕಾಯಿ ಗಟ್ಟಿಯಾಗಿತ್ತು, ಅವನ ಹಾಲುಹಲ್ಲಿಗೆ ಜಗ್ಗಲಿಲ್ಲ. ಉಗಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅವ್ವನತ್ತ ಚಾಚಿದ. ಮುತ್ಯಾಲಮ್ಮ ಕೈ ನೀಡುವ ಮೊದಲೇ ಅಕ್ಕಯ್ಯಮ್ಮ ಅದನ್ನು ತೆಗೆದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದಿದ್ದ ನಾಕು ಹಲ್ಲುಗಳಲ್ಲಿ ನಿಧಾನವಾಗಿ ಅಗಿದು, ಮೆತ್ತಗಾದ ತುತ್ತನ್ನು ಬೆರಳ ಮೇಲೆ ತೆಗೆದಳು.

"ಆ ಅನ್ಲಾ, ನನ್ನಪ್ಪ."

ಸೀನ ಅಜ್ಜಿಯ ಕಡೆ ತಿರುಗಿ ಬಾಯಿ ತೆರೆದ.