ಹಗಿ ಅದ

ಅರೀಬಾಳಿಗೆ ತನ್ನ ಕನ್ನಡದ ಮೇಲೆ ಭಾರಿ ಹೆಮ್ಮೆ. ಯಾಕಿರಬಾರದು? ರಾಯಚೂರು ಶಹರದ ಅತ್ತರು ಅಂಗಡಿಯವರ ಮಗಳು, ಮನೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ದಖನಿ ಮಾತು. ಅಂಥವಳು ಹತ್ತನೇ ತರಗತಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲಿಗಳಾಗಿ ಶಾಲು ಹೊದಿಸಿಕೊಂಡಿದ್ದಳು. ಆದರೆ ಪುಸ್ತಕದ ಕನ್ನಡ ಬೇರೆ, ಹೊಲದ ಕನ್ನಡ ಬೇರೆ. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಪೈಕಿ ಅಲ್ಲ ಬಿಡಿ.

ಐರ್ಲೆಂಡಿನಿಂದ ಎಂಟು ಮಂದಿ, ಬಡವರಿಗೆ ಮನೆ ಕಟ್ಟಿಕೊಡುತ್ತೇವೆಂದು ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ದೇವದುರ್ಗದ ಕಡೆಯ ಅರಕೇರಾಕ್ಕೆ ಬಂದರು. ಎಲ್ಲಿಯ ಐರ್ಲೆಂಡು, ಎಲ್ಲಿಯ ಅರಕೇರಾ! ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸಲು ಅರೀಬಾಳನ್ನು ಕರೆಸಿದರು. ಗುಂಪಿಗೆ ಹಿರಿಯಳು ಕ್ಲಾರಾ, ನರ್ಸ್ ಕೆಲಸದಿಂದ ನಿವೃತ್ತಳಾದವಳು. ನಮ್ಮ ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದು ಹೋದರೂ ತಲೆಯ ಮೇಲಿನ ಬುಟ್ಟಿ ಇಳಿಸದ ಹೆಂಗಸು.

ಮನೆ ಕಟ್ಟುವುದು ಮಾನಮ್ಮ ಮತ್ತು ಅಯ್ಯಣ್ಣನಿಗೆ. ಗಂಡ-ಹೆಂಡತಿ ಭತ್ತದ ನಾಟಿಗೆ ಮಾನ್ವಿ ಕಡೆ ಹೋಗುವವರು, ನಾಟಿ ಮುಗಿದರೆ ಪುಣೆಗೆ ಗುಳೆ. ಊರವರ ಮನೆಗೆಲ್ಲ ಇಟ್ಟಿಗೆ ಹೊತ್ತವರಿಗೆ ಸ್ವಂತಕ್ಕೆ ತಾಡಪಾಲಿನ ಸೂರು. ಮಗಳು ಕಲ್ಯಾಣಿ ಆರು ವರ್ಷದವಳು. ಅವಳು ಈ ಸಲ ಗುಳೆ ಹೋಗದೆ ಅಜ್ಜಿಯ ಜೊತೆ ಊರಲ್ಲಿ ನಿಂತು ಶಾಲೆ ಕಲಿಯಬೇಕೆಂದರೆ ಈ ಮನೆ ಏಳಲೇಬೇಕು. ಜಾಗ ಒಂದು ಕಾಲಕ್ಕೆ ಊರಗೌಡರ ಹಿತ್ತಲು. ಅಯ್ಯಣ್ಣನ ಅಪ್ಪನಿಗೆ ಅವರೇ ಬಿಟ್ಟುಕೊಟ್ಟದ್ದು.

ಪಾಯ ತೆಗೆಯುವ ದಿನ ಪಕ್ಕದ ಮನೆಯ ಮುದುಕ ಮಲ್ಲಯ್ಯ ಕೋಲೂರಿಕೊಂಡು ಬಂದ. ಅಯ್ಯಣ್ಣ, ಮಾನಮ್ಮ ಮಾನ್ವಿಯಲ್ಲಿದ್ದರು. ಮೇಸ್ತ್ರಿ ಗದ್ವಾಲದವನು, ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಹೀಗಾಗಿ ಮುದುಕ ಹೇಳಬೇಕಾದ್ದನ್ನು ಅರೀಬಾಳಿಗೇ ಹೇಳಿದ.

“ಯವ್ವಾ, ಇಲ್ಲಿ ಹಗಿ ಅದ. ಗೌಡ್ರ ಕಾಲದ ಹಳೀ ಹಗಿ. ನಮ್ಮ ಸಣ್ಣಪ್ಪನ್ನ ನುಂಗ್ಯದ. ಈಗ ಸುಮ್ಮ ಅದ ಅಂತ ನಂಬಬ್ಯಾಡ್ರಿ.”

ಅರೀಬಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮನೆ ಈ ಕಡೆ ಮನಿ ಆಗುತ್ತದೆ, ಸಂತೆ ಸಂತಿ ಆಗುತ್ತದೆ; ಹಾಗಾದರೆ ಹಗೆ ಹಗಿ. ಹಗೆ ಅಂದರೆ ದ್ವೇಷ, ವೈರ. ಸೂತ್ರ ಸರಿಯಾಗಿಯೇ ಇತ್ತು. ಗೌಡರ ಮನೆಗೂ ಈ ಮುದುಕನ ಮನೆಗೂ ಇದೇ ಜಾಗದ ಮೇಲೆ ಹಳೆಯ ವೈರವಿದೆ, ಇವನ ಚಿಕ್ಕಪ್ಪನ ಹೆಣ ಬಿದ್ದಿದೆ ಎಂದು ಆಕೆ ಕ್ಲಾರಾಳಿಗೆ ತಿಳಿಸಿ ಹೇಳಿದಳು. ಆ ಶಬ್ದ ಏನಂದೆ ಎಂದು ಕ್ಲಾರಾ ಮತ್ತೆ ಮತ್ತೆ ಕೇಳಿದಳು. ಅಂದಿನಿಂದ ಎಂಟೂ ಮಂದಿಗೆ ಕನ್ನಡದ ಬೇರೆ ಮಾತು ಬರದಿದ್ದರೂ ‘ಹಗಿ’ ಬಂತು.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳಿ ಅರೀಬಾ ಸಂಧಾನಕ್ಕೂ ಹೊರಟಳು. ಸಿರವಾರದಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದ ಗೌಡರ ಮೊಮ್ಮಗ ಅಂಬರೀಶನನ್ನು ಕರೆಸಿದರು. ದೊಡ್ಡ ಮನುಷ್ಯರ ಮುಂದೆ ಹಳ್ಳಿಯ ಒರಟು ಶಬ್ದ ಯಾಕೆಂದು ಆಕೆ ‘ದ್ವೇಷ’ ಎಂಬ ಮಾತನ್ನೇ ಬಳಸಿದಳು. ಆತ ನಕ್ಕುಬಿಟ್ಟ. ಯಾರ ಮೇಲೂ ತಮ್ಮ ಮನೆಯವರಿಗೆ ದ್ವೇಷವಿಲ್ಲ, ಧಾರಾಳ ಕಟ್ಟಿರಿ ಎಂದು ಚಹಾ ಕುಡಿದು ಹೋದ.

ಗೌಡರ ಕಡೆ ವೈರವಿಲ್ಲ ಅಂದಮೇಲೆ ಉಳಿದವನು ಯಾರು? ಮಲ್ಲಯ್ಯ. ಎಲ್ಲರ ಕಣ್ಣು ಮುದುಕನ ಮೇಲೆ ಬಿತ್ತು.

ಗೋಡೆ ಏಳತೊಡಗಿತು, ಅದರ ಜೊತೆಗೆ ಒಂದೊಂದೇ ಅಪಶಕುನ. ಪಾಯದೊಳಗೆ ತುಂಬಿದ ಮಣ್ಣು ಕೂರಲೆಂದು ಸಂಜೆ ಟ್ಯಾಂಕರ್ ನೀರು ಬಿಟ್ಟರೆ ಬೆಳಗ್ಗೆ ಅಲ್ಲಿ ಹನಿ ಇಲ್ಲ. ಮಣ್ಣಿಗೆ ದಾಹ ಜಾಸ್ತಿ ಎಂದು ಮೇಸ್ತ್ರಿ ಕೈಕೊಡವಿದ. ಅಂತೂ ಮೇಲೆ ಕಾಂಕ್ರೀಟ್ ಹಾಕಿ ನೆಲ ಮಾಡಿದರು. ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ವಾರ ಕಳೆಯುವುದರೊಳಗೆ ಅದರಲ್ಲಿ ಬೆರಳು ಹೋಗುತ್ತಿತ್ತು. ಯಾರೋ ಬೇಕೆಂದೇ ಗೋಡೆ ಕೆಡಿಸುತ್ತಿದ್ದಾರೆ ಎಂದು ಕ್ಲಾರಾ ಅಂದಳು.

ಒಂದು ಬೆಳಗ್ಗೆ ಅದೇ ಮೂಲೆಯ ಹೊರಗೆ ಮಲ್ಲಯ್ಯ ಸಿಕ್ಕಿಬಿದ್ದ. ಕೈಯಲ್ಲಿ ಕಬ್ಬಿಣದ ಹಾರೆ. ನೆಲಕ್ಕೆ ಚುಚ್ಚುವುದು, ಬಗ್ಗಿ ಕಿವಿ ಇಟ್ಟು ಕೇಳುವುದು. ಅರೀಬಾಳಿಗೆ ಸಿಟ್ಟು ನೆತ್ತಿಗೇರಿತು. ಬಡವರ ಮನೆ ಮುರಿಯಲು ನಾಚಿಕೆಯಿಲ್ಲವೇ, ಇನ್ನೊಮ್ಮೆ ಈ ಕಡೆ ಕಾಲಿಟ್ಟರೆ ಪೊಲೀಸರನ್ನು ಕರೆಸುತ್ತೇನೆ ಎಂದು ತಾತನ ವಯಸ್ಸಿನವನ ಮುಖಕ್ಕೇ ಅಂದಳು.

“ಹುಡುಕಾಕತ್ತೀನಿ ಯವ್ವಾ,” ಅಂದ ಮಲ್ಲಯ್ಯ. “ಬಾಯಿ ಎಲ್ಲಿತ್ತು ಅಂತ ನೆನಪಾಗವಲ್ದು.”

ಅರಳುಮರಳು ಎಂದುಕೊಂಡು ಆಕೆ ಅವನನ್ನು ಅಟ್ಟಿದಳು. ಮುದುಕ ಹಾರೆಯನ್ನು ಎಳೆದುಕೊಂಡು ಹೋದ. ಮತ್ತೆ ಬರಲಿಲ್ಲ. ಕ್ಲಾರಾ ತನ್ನ ಕೈಯಿಂದ ದುಡ್ಡು ಹಾಕಿ ಮನೆಗೆ ಕಬ್ಬಿಣದ ಬಾಗಿಲು, ಒಳಗಿನಿಂದ ಎರಡು ಅಗುಳಿ, ಕಿಟಕಿಗೆ ದಪ್ಪ ಸರಳು ಹಾಕಿಸಿದಳು. ಹಗಿ ಬಂದರೆ ಒಳಗೆ ಬಂದು ಚಿಲಕ ಹಾಕಿಕೊಳ್ಳಬೇಕು ಎಂದು ಕಲ್ಯಾಣಿಗೆ ಕೈಸನ್ನೆಯಲ್ಲಿ ಆಟದ ಹಾಗೆ ಕಲಿಸಿದಳು. ಮಗುವಿಗೆ ಧೈರ್ಯ ಹೇಳಲು ಊರ ಮಾತಿನಲ್ಲೇ ಎರಡು ವಾಕ್ಯ ಅರೀಬಾಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು. ಬಿರುಕಿಗೆ ಸಿಮೆಂಟು ಮೆತ್ತಿದರು.

ಗೃಹಪ್ರವೇಶದ ದಿನ ಹೋಳಿಗೆ, ಹಲಗೆ ವಾದ್ಯ, ನೆಂಟರು. ಮಾನಮ್ಮ ಹೊಸ ಸೀರೆಯಲ್ಲಿ ಹೊರಗಿನ ಒಲೆಯ ಮುಂದೆ ಕೂತು ಅಳುತ್ತ ನಗುತ್ತ ಇದ್ದಳು. ಕ್ಲಾರಾ ಮತ್ತು ಅವಳ ಕಡೆಯವರು ಫೋಟೋಕ್ಕೆಂದು ಕಲ್ಯಾಣಿಯನ್ನೂ ಓಣಿಯ ಮಕ್ಕಳನ್ನೂ ಕರೆದುಕೊಂಡು ಒಳಗೆ ಹೋದರು. ಅರೀಬಾ ಬೇವಿನ ನೆರಳಿನಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿ ರಂಜಾನಬಿಯ ಪಕ್ಕದಲ್ಲಿ ಕೂತಳು. ಈಗಿನ ಜೋಳಕ್ಕೆ ರುಚಿಯೇ ಇಲ್ಲ ಎಂದು ಮುದುಕಿ ಗೊಣಗಿತು.

“ಗೌಡ್ರ ಹಗಿಯಾಗಿನ ಜೋಳ ತಿನಬೇಕಿತ್ತು ನೀನು.”

ಹಗಿಯಲ್ಲಿ ಜೋಳವೇ ಎಂದು ಅರೀಬಾ ನಕ್ಕಳು. ಅಯ್ಯೋ ಹುಚ್ಚಿ ಎಂದು ರಂಜಾನಬಿ ಕೈಯಲ್ಲಿ ತೋರಿಸಿತು. ನೆಲದೊಳಗೆ ಎರಡಾಳು ಆಳದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಒತ್ತಿ ಕಾಳು ತುಂಬುವುದು, ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣು ಎಳೆಯುವುದು. ಅದೇ ಹಗಿ. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆ. ಮಲ್ಲಯ್ಯನ ಸಣ್ಣಪ್ಪ ಇಳಿದವನು ಮೇಲೆ ಬರಲೇ ಇಲ್ಲ. ಕಾಳು ತೆಗೆದು ಖಾಲಿ ಬಿಟ್ಟ ದೊಡ್ಡ ಹಗಿಯೊಂದು ಇದೇ ಹಿತ್ತಲಲ್ಲಿ ಎಲ್ಲೋ ಇತ್ತು.

ರಾತ್ರೋರಾತ್ರಿ ಇಂಗಿದ ನೀರು. ಮೂಲೆಯ ಬಿರುಕು. ನೆಲಕ್ಕೆ ಕಿವಿ ಇಟ್ಟ ಮುದುಕ. ಅರೀಬಾ ದಿಗ್ಗನೆ ಎದ್ದಳು.

ಆಕೆ ಒಲೆಯ ಕಡೆ ಓಡಿ, ಮನೆಯ ನೆಲದ ಕೆಳಗೆ ಕಾಳಿನ ಹಗಿ ಅದ, ಮಕ್ಕಳನ್ನು ಹೊರಗೆ ಕರೆಯಿರಿ ಎಂದು ಕೂಗಿದಳು. ಹೆಂಗಸರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸೌಟು ಎಸೆದು ‘ಹಗಿ, ಹಗಿ’ ಎಂದು ಚೀರುತ್ತ ಬಾಗಿಲ ಕಡೆ ನುಗ್ಗಿದರು. ಕೂಗು ಕೇಳಿ ಮಲ್ಲಯ್ಯನೂ ತನ್ನ ಅಂಗಳದಿಂದ ಹಾರೆ ಹಿಡಿದುಕೊಂಡೇ ಎಲ್ಲರಿಗಿಂತ ಮುಂದೆ ಓಡಿಬಂದ.

ಕಿಟಕಿಯಲ್ಲಿ ಕ್ಲಾರಾಳ ಮುಖ ಕಂಡಿತು. ಆಕೆ ನೋಡಿದ್ದು ಇಷ್ಟೇ: ಹಾರೆ ಹಿಡಿದ ಮಲ್ಲಯ್ಯ, ಹಿಂದೆ ಜನ, ಎಲ್ಲರ ಬಾಯಲ್ಲೂ ತನಗೆ ಗೊತ್ತಿದ್ದ ಆ ಶಬ್ದ. ಹೊರಗೆ ಬಾ, ಹೊರಗೆ ಬಾ ಎಂದು ಅರೀಬಾ ಇಂಗ್ಲಿಷಿನಲ್ಲಿ ಗಂಟಲು ಹರಿದುಕೊಂಡಳು. ಹಲಗೆಯ ಸದ್ದಿನಲ್ಲಿ, ಹೆಂಗಸರ ಕೂಗಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಕಬ್ಬಿಣದ ಬಾಗಿಲು ಧಡಾರನೆ ಮುಚ್ಚಿತು. ಒಂದು ಅಗುಳಿ ಬಿತ್ತು. ಎರಡನೆಯದೂ ಬಿತ್ತು.

ಮಾನಮ್ಮ ಮಗಳ ಹೆಸರು ಹಿಡಿದು ಬಾಗಿಲು ಬಡಿಯುತ್ತಿದ್ದಳು. ಅರೀಬಾ ಜನರನ್ನು ತಳ್ಳಿಕೊಂಡು ಹೋಗಿ ಕಿಟಕಿಯ ಸರಳು ಹಿಡಿದಳು. ಕ್ಲಾರಾ ಮಕ್ಕಳನ್ನೆಲ್ಲ ಎರಡು ತೋಳಲ್ಲಿ ಬಾಚಿಕೊಂಡು ಬಾಗಿಲಿನಿಂದ ದೂರ, ಹಿಂದಿನ ಮೂಲೆಗೆ ಸರಿಯುತ್ತಿದ್ದಳು. ಮೆತ್ತಿದ ಸಿಮೆಂಟು ಉದುರಿ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು. ನೆಲದ ಕೆಳಗೆಲ್ಲೋ ಮಣ್ಣು ಜಾರಿದ ಸದ್ದಾಯಿತು. ಅರೀಬಾ ಕೂಗುತ್ತಲೇ ಸರಳಿನೊಳಗೆ ಕೈ ತೂರಿಸಿ ಈಚೆ ಬಾ ಎಂದು ಬೀಸಿದಳು, ಕ್ಲಾರಾ ಇತ್ತ ನೋಡಲೇ ಇಲ್ಲ.

ಕ್ಲಾರಾ ಕಲ್ಯಾಣಿಯ ತಲೆ ನೇವರಿಸುತ್ತ ಮೆಲ್ಲಗೆ ಅಂದಳು:

“ಹೆದರಬ್ಯಾಡ. ಹಗಿ ಹೊರಗ ಅದ.”

ಅದು ಅರೀಬಾಳೇ ಕಲಿಸಿಕೊಟ್ಟ ಕನ್ನಡ. ಒಂದಕ್ಷರ ತಪ್ಪಿರಲಿಲ್ಲ.